ಬೀಡಿ ಅವರದು, ಕೆಮ್ಮು ಮಗುವಿನದು

ಸೋದರಿಯರೇ, ಹಾಲಿನ ಪಾತ್ರೆಗೆ ಮುಚ್ಚಳ ಹಾಕ್ತೀವಿ, ಕುಡಿಯುವ ನೀರು ಕಾಯಿಸಿ ಸೋಸ್ತೀವಿ. ಮಗು ಉಸಿರಾಡುವ ಗಾಳಿಯ ಬಗ್ಗೆ ಮಾತ್ರ ಯೋಚನೆಯನ್ನೇ ಮಾಡೋಲ್ಲ. ನಾನೂ ಮಾಡಿರಲಿಲ್ಲ.

ನನ್ನ ಕಿರಿಮಗನಿಗೆ ಮೂರು ವರ್ಷವಿದ್ದಾಗ ಸದಾ ಕೆಮ್ಮು, ರಾತ್ರಿಯಾದರೆ ಎದೆಯಲ್ಲಿ ಗೊರಗೊರ ಸದ್ದು. ದೊಡ್ಡಪತ್ರೆ ರಸ ಕೊಟ್ಟಿದ್ದಾಯ್ತು, ಓಮದ ಗಂಟಿನ ಶಾಖ ಕೊಟ್ಟಿದ್ದಾಯ್ತು, ದೃಷ್ಟಿ ತೆಗೆದದ್ದೂ ಆಯ್ತು. ಕೊನೆಗೆ ಮಕ್ಕಳ ಡಾಕ್ಟರು ಎದೆ ಪರೀಕ್ಷಿಸಿ, "ಮನೇಲಿ ಯಾರು ಸೇದ್ತಾರಮ್ಮ?" ಅಂದರು.

"ನಮ್ಮ ಮಾವನವರು ಬೀಡಿ ಸೇದ್ತಾರೆ. ಆದ್ರೆ ಕಿಟಕಿ ಹತ್ರ ಕೂತು, ಫ್ಯಾನ್ ಹಾಕ್ಕೊಂಡೇ ಸೇದೋದು" ಅಂದೆ.

"ಅಡಿಗೆಮನೇಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಮಹಡಿ ಮೇಲಿರೋರು ಕೆಮ್ಮೋಲ್ವೇನಮ್ಮ?" ಅಂದರು ಡಾಕ್ಟರು. ನನ್ನ ಹತ್ತಿರ ಉತ್ತರವಿರಲಿಲ್ಲ.

ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆಯಂತೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಮಕ್ಕಳು ನಮಗಿಂತ ಬೇಗಬೇಗ ಉಸಿರಾಡುತ್ತಾರೆ, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಆದ್ದರಿಂದಲೇ ಉಬ್ಬಸ, ನ್ಯುಮೋನಿಯಾ, ಕಿವಿಯ ಸೋಂಕು ಅವರನ್ನು ಬೇಗ ಹಿಡಿಯುತ್ತವೆ. ಎಳೆಗೂಸು ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳುವ ಅಪಾಯವೂ ಹೆಚ್ಚು. ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಈ ಹೊಗೆ ಪೂರ್ತಿ ಹೋಗುವುದಿಲ್ಲ. ಪರದೆಗೆ, ಹಾಸಿಗೆಗೆ, ಸೇದಿದವರ ಬಟ್ಟೆಗೆ ಅಂಟಿಕೊಂಡು ಉಳಿಯುತ್ತದೆ.

ಮನೆಗೆ ಬಂದ ಮೇಲೆ ನಮ್ಮ ಯಜಮಾನರು ಮೆಲ್ಲಗೆ ವಿಷಯ ತೆಗೆದರು. ಮಾವನವರು ಸಿಡಿದುಬಿದ್ದರು. "ನಾನು ಸೇದ್ತಾನೇ ನಿಮ್ಮನ್ನೆಲ್ಲ ಸಾಕಲಿಲ್ವೇನೋ?" ಅವರೆದುರು ದನಿ ಎತ್ತಿದವಳಲ್ಲ ನಾನು. ಸುಮ್ಮನಾದೆ.

ನಾಲ್ಕು ದಿನ ಕಳೆದು ಒಂದು ರಾತ್ರಿ ಮಗು ಮಲಗಲಾರದೆ ಎದ್ದು ಕೂತಿತು. ಎತ್ತಿಕೊಂಡು ಹೋಗಿ ಅವರ ತೊಡೆಯ ಮೇಲೆ ಕೂರಿಸಿ, "ಮಾವಾ, ಇವನ ಬೆನ್ನಿಗೆ ಸ್ವಲ್ಪ ಕಿವಿ ಇಟ್ಟು ಕೇಳಿ" ಅಂದೆ. ಕೇಳಿದರು. ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅವರ ಕುರ್ಚಿ ಹಿತ್ತಲ ನುಗ್ಗೆಮರದ ಕೆಳಗಿತ್ತು!

ಅಂದಿನಿಂದ ಬೀಡಿ ಅಲ್ಲೇ. ಸೇದಿ ಬಂದವರು ಕೈ, ಬಾಯಿ ತೊಳೆದು, ಅಂಗಿ ಬದಲಾಯಿಸಿಯೇ ಮೊಮ್ಮಗನನ್ನು ಎತ್ತಿಕೊಳ್ಳುತ್ತಿದ್ದರು. ಮಗುವಿನ ಉಬ್ಬಸ ಪೂರ್ತಿ ಹೋಯ್ತು ಅನ್ನೋಲ್ಲ, ಔಷಧಿಯೂ ನಡೀತಿತ್ತು. ಆದರೆ ರಾತ್ರಿ ಎದ್ದು ಕೂರುವುದು ಕಡಿಮೆಯಾಯ್ತು.

ಕಾರಿನಲ್ಲಂತೂ ಇನ್ನೂ ಜೋಪಾನ ಬೇಕು. ಅಷ್ಟು ಚಿಕ್ಕ ಜಾಗದಲ್ಲಿ ಒಂದೇ ಸಿಗರೇಟು ಸಾಕು, ಗಾಜು ಇಳಿಸಿದರೂ ಹಿಂದೆ ಕೂತ ಮಗುವಿಗೆ ಹೊಗೆ ತಪ್ಪದು. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್ 1ರಿಂದ, 18 ವರ್ಷದೊಳಗಿನವರು ಕೂತಿರುವ ಮುಚ್ಚಿದ ಕಾರಿನಲ್ಲಿ ಸೇದುವುದು ಅಪರಾಧ. ನಾವು ಪ್ರಯಾಣ ಹೊರಟಾಗ, ಸೇದಲೇಬೇಕು ಅನ್ನುವವರಿದ್ದರೆ ಕಾರು ನಿಲ್ಲಿಸಿ, ಇಳಿದು ದೂರ ಹೋಗಿ ಸೇದಿ ಬರಲಿ.

ನಮ್ಮ ದೇಶದಲ್ಲೂ 2008ರ ಅಕ್ಟೋಬರ್ 2ರಿಂದ ಕಚೇರಿ, ಬಸ್ ನಿಲ್ದಾಣ, ಸಿನಿಮಾ ಮಂದಿರಗಳಲ್ಲಿ ಸೇದುವಂತಿಲ್ಲ. ಆದರೆ ಮನೆಯ ಹೊಸಿಲು ದಾಟಿ ಆ ಕಾನೂನು ಒಳಗೆ ಬರುವುದಿಲ್ಲ. ಒಳಗಿನ ಕಾನೂನು ನಾವೇ ಮಾಡಬೇಕು. ಬಂದ ನೆಂಟರಿಗೂ ಮಜ್ಜಿಗೆ ಕೊಡುತ್ತಾ, "ಮಗು ಇದೆ, ಸಿಗರೇಟು ಸ್ವಲ್ಪ ಆಚೆ ಕಡೆ" ಅಂತ ನಗುನಗುತ್ತಲೇ ಹೇಳಿಬಿಡಿ.

ಬಿಟ್ಟೇಬಿಡಬೇಕು ಅನ್ನುವ ಮನಸ್ಸಿದ್ದವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ಒಂದು ಚೀಟಿಯಲ್ಲಿ ಬರೆದು, ಅವರ ಬೆಂಕಿಪೊಟ್ಟಣದ ಪಕ್ಕದಲ್ಲೇ ಇಟ್ಟಿರಿ. ಎಂದಾದರೂ ಕಣ್ಣಿಗೆ ಬಿದ್ದೀತು.