ಗರ್ಭಕಂಠದ ಕ್ಯಾನ್ಸರ್: ಪರೀಕ್ಷೆ ನಮ್ಮೂರಿಗೇ ಬರಲಿ

ನಮ್ಮ ಕಡೆಯ ಪತ್ರಿಕೆಗಳ ನಿಧನ ವಾರ್ತೆಯಲ್ಲಿ ಒಂದು ಸಾಲು ಖಾಯಂ: ‘ಅಲ್ಪಕಾಲದ ಅಸೌಖ್ಯದಿಂದ ನಿಧನರಾದರು.’ ಹೃದಯಾಘಾತವಾದರೆ ಮನೆಯವರು ಹಾಗೆಂದೇ ಬರೆಸುತ್ತಾರೆ. ಅಪಘಾತವಾದರೂ ಬರೆಸುತ್ತಾರೆ. ಹೆಂಗಸಿನ ಗರ್ಭಕೋಶಕ್ಕೆ ಸಂಬಂಧಿಸಿದ ಕಾಯಿಲೆಯಾದರೆ ಮಾತ್ರ ಅದು ‘ಅಸೌಖ್ಯ’. ಆನೆ ತೋಟಕ್ಕೆ ಇಳಿದರೆ ಅರಂತೋಡು, ತೊಡಿಕಾನದಿಂದ ಅದೇ ದಿನ ಫೋಟೊ ಸಮೇತ ಸುದ್ದಿ ಹೋಗುತ್ತದೆ. ಗರ್ಭಕಂಠದ ಕ್ಯಾನ್ಸರ್ ಸುದ್ದಿಯಾಗದೆ ಬಂದು, ಸುದ್ದಿಯಾಗದೆ ಜೀವ ತೆಗೆದುಕೊಂಡು ಹೋಗುತ್ತದೆ.

ಇದು ಸಣ್ಣ ಕಾಯಿಲೆಯೇನಲ್ಲ. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಇದೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2022ರ ಒಂದೇ ವರ್ಷ ದೇಶದಲ್ಲಿ ಸುಮಾರು 1.27 ಲಕ್ಷ ಮಂದಿಗೆ ಈ ಕ್ಯಾನ್ಸರ್ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ. ಅಂದರೆ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಸಾವು.

ಹೊಟ್ಟೆ ಉರಿಸುವ ವಿಷಯ ಏನೆಂದರೆ, ಮೊದಲೇ ಗೊತ್ತುಮಾಡಿಕೊಂಡು ತಡೆಯಬಹುದಾದ ಕ್ಯಾನ್ಸರ್ ಇದು. ಗರ್ಭಕೋಶದ ಬಾಯಿಯಲ್ಲಿ, ಅಂದರೆ ಗರ್ಭಕಂಠದಲ್ಲಿ, ಜೀವಕೋಶಗಳು ಕೆಡಲು ಶುರುವಾಗಿ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ 5ರಿಂದ 10 ವರ್ಷ ಸಾಕು. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್ ಕಡಿಮೆ. ಆದರೆ ಆ ವರ್ಷಗಳಲ್ಲಿ ನೋವಿಲ್ಲ, ಲಕ್ಷಣವಿಲ್ಲ. ಮುಟ್ಟಿನ ನಡುವೆ ರಕ್ತ ಹೋಗುವುದು, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣುವುದು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಬರುವುದು, ವಾಸನೆಯ ಬಿಳಿಸೆರಗು, ಕಿಬ್ಬೊಟ್ಟೆ ಮತ್ತು ಸೊಂಟ ನೋವು ಇವೆಲ್ಲ ಹೆಚ್ಚಾಗಿ ಕಾಯಿಲೆ ಬೆಳೆದ ಮೇಲೆ ಕಾಣುವ ಲಕ್ಷಣಗಳು. ಇವು ಕಂಡರೆ ಒಂದು ದಿನವೂ ಕಾಯಬಾರದು. ಏನೂ ಕಾಣದಿದ್ದಾಗಲೇ ಪರೀಕ್ಷೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಅಡಿಕೆಗೆ ಕೊಳೆರೋಗ ಬಂದ ಮೇಲೆ ಬೋರ್ಡೋ ಬಿಡುವವರು ನಮ್ಮಲ್ಲಿ ಯಾರೂ ಇಲ್ಲ, ಮಳೆ ಹಿಡಿಯುವ ಮೊದಲೇ ಮದ್ದು ಬಿಡುತ್ತೇವೆ. ಅಷ್ಟೇ ಲೆಕ್ಕಾಚಾರ.

ಹಾಗಾದರೆ ಯಾಕೆ ಮಾಡಿಸುವುದಿಲ್ಲ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 30ರಿಂದ 49 ವರ್ಷದ ಹೆಂಗಸರನ್ನು ಕೇಳಿದಾಗ, ಜೀವಮಾನದಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಕರ್ನಾಟಕದಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ‘ಹಳ್ಳಿ ಹೆಂಗಸರಿಗೆ ನಾಚಿಕೆ, ತಿಳಿವಳಿಕೆ ಇಲ್ಲ’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಇದೇ ಹೆಂಗಸರು ಗರ್ಭಿಣಿಯಾದಾಗ ತಾಯಿ ಕಾರ್ಡ್ ಹಿಡಿದು ತಿಂಗಳು ತಪ್ಪದೆ ಆಸ್ಪತ್ರೆಗೆ ಹೋಗಿಲ್ಲವೇ? ಮಗುವಿನ ಒಂದು ಲಸಿಕೆಯನ್ನೂ ತಪ್ಪಿಸದೆ ಕೊಡಿಸಿಲ್ಲವೇ? ಊರಿನಲ್ಲೇ ವ್ಯವಸ್ಥೆ ಇದ್ದಲ್ಲಿ ಹೆಂಗಸರು ಹೋಗುತ್ತಾರೆ. ನಾಚಿಕೆ ಇದೆ, ನಿಜ. ಆದರೆ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೊರಗುಳಿದಿದ್ದಾರೆ ಎಂದರೆ ಅದಕ್ಕೆ ಕಾರಣ ನಾಚಿಕೆಯೊಂದೇ ಅಲ್ಲ, ವ್ಯವಸ್ಥೆಯ ಕೊರತೆ.

ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್, ಆಮೇಲೆ ಮನೆ, ದನ, ಹಾಲಿನ ಸೊಸೈಟಿ. ಮಧ್ಯಾಹ್ನದ ನಂತರ ಬೀಡಿ. ಇಂಥವಳು ಸುಳ್ಯಕ್ಕೋ ಮಂಗಳೂರಿಗೋ ಹೋಗಿ ‘ಏನೂ ತೊಂದರೆ ಇಲ್ಲದ’ ದೇಹ ತೋರಿಸಬೇಕು. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾಗಿದೆ. ತಪ್ಪಿದ ದಿನದ ಸಂಬಳವನ್ನು ಯಾರೂ ಕೊಡುವುದಿಲ್ಲ.

ಇನ್ನೊಂದು ಅಡ್ಡಿಯ ಬಗ್ಗೆ ನಾವು ಬಾಯಿ ಬಿಟ್ಟು ಮಾತಾಡುವುದೇ ಇಲ್ಲ. ಈ ಕ್ಯಾನ್ಸರಿಗೆ ಬಹುತೇಕ ಕಾರಣ ಎಚ್‌ಪಿವಿ ಎಂಬ ವೈರಸ್ಸು. ಅದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಬರುತ್ತದೆ. ಈ ಒಂದು ವಾಕ್ಯ ಕೇಳಿದ ಕೂಡಲೇ ‘ಅವಳಿಗೆ ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಹೆದರಿಯೇ ಎಷ್ಟೋ ಹೆಂಗಸರು ಪರೀಕ್ಷೆಯ ಹತ್ತಿರ ಸುಳಿಯುವುದಿಲ್ಲ.

ಆದ್ದರಿಂದ ಸರಿಯಾಗಿ ತಿಳಿದುಕೊಳ್ಳೋಣ. ದಾಂಪತ್ಯ ಜೀವನ ನಡೆಸುವ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಹೊತ್ತಿನಲ್ಲಿ ಈ ವೈರಸ್ಸು ತಗಲುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಎರಡು ವರ್ಷದೊಳಗೆ ಅದು ತಾನಾಗಿಯೇ ಹೋಗುತ್ತದೆ, ಬಂದದ್ದೇ ಗೊತ್ತಾಗುವುದಿಲ್ಲ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿದುಕೊಳ್ಳುತ್ತದೆ, ಅಪಾಯ ಇರುವುದು ಅವರಿಗೆ. ಗಂಡನೊಬ್ಬನನ್ನೇ ಕಂಡ ಹೆಂಗಸಿಗೂ ಬರಬಹುದು. ಯಾವಾಗ ತಗಲಿತು, ಯಾರಿಂದ ತಗಲಿತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಎಚ್‌ಪಿವಿ ವರದಿಯನ್ನು ಹಿಡಿದುಕೊಂಡು ಹೆಂಡತಿಯ ಚಾರಿತ್ರ್ಯ ಅಳೆಯಲು ಹೊರಡುವ ಗಂಡಸು ವಿಜ್ಞಾನವನ್ನೂ ಅರಿಯದವನು, ಸಂಸಾರವನ್ನೂ ಅರಿಯದವನು.

ಪರೀಕ್ಷೆಯಿಂದ ಪ್ರಯೋಜನ ಇದೆಯೇ ಎಂಬುದಕ್ಕೆ ವಿದೇಶದ ಉದಾಹರಣೆ ಬೇಡ. ಬೀದರ್, ಕಲಬುರಗಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. 30ರಿಂದ 59 ವರ್ಷದ 1.31 ಲಕ್ಷ ಹೆಂಗಸರನ್ನು ನಾಲ್ಕು ಗುಂಪು ಮಾಡಲಾಯಿತು. ಎಚ್‌ಪಿವಿ ಪರೀಕ್ಷೆಯನ್ನು ಒಂದೇ ಒಂದು ಬಾರಿ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಇಂಥ ಪರೀಕ್ಷೆಯ ವ್ಯವಸ್ಥೆ ಇಲ್ಲದ ಗುಂಪಿನಲ್ಲಿ 64. ಈ ಫಲಿತಾಂಶ 2009ರಲ್ಲಿ ಪ್ರಕಟವಾಗಿದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಪಾಠವೂ ಇದೆ. ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ, ಒಂದು ನಿಮಿಷ ಬಿಟ್ಟು, ಬಿಳಿ ಕಲೆ ಏಳುತ್ತದೆಯೇ ಎಂದು ಕಣ್ಣಿನಿಂದಲೇ ನೋಡುವ ಅಗ್ಗದ ಪರೀಕ್ಷೆಯೊಂದಿದೆ. ವಿಐಎ ಎನ್ನುತ್ತಾರೆ. ಅದನ್ನು ಒಮ್ಮೆ ಮಾತ್ರ ಮಾಡಿದಾಗ ಸಾವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೆ ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಇದೇ ಪರೀಕ್ಷೆಯನ್ನು ಎರಡು ವರ್ಷಕ್ಕೊಮ್ಮೆ ಬಿಡದೆ ಮಾಡಿದಾಗ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ಪರೀಕ್ಷೆ ಮಾಡಿದವರು ದೊಡ್ಡ ಡಾಕ್ಟರುಗಳಲ್ಲ, ಹತ್ತನೇ ತರಗತಿ ಓದಿ ನಾಲ್ಕು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು.

ಇದರರ್ಥ ಸ್ಪಷ್ಟ. ವರ್ಷಕ್ಕೊಂದು ಶಿಬಿರ, ವೇದಿಕೆ, ಫ್ಲೆಕ್ಸ್, ದೀಪ ಬೆಳಗುವ ಫೋಟೊ ಇವುಗಳಿಂದ ಯಾರ ಜೀವವೂ ಉಳಿಯುವುದಿಲ್ಲ. ಬಿಡದೆ ನಡೆಯುವ ಪರೀಕ್ಷೆ ಬೇಕು, ದೋಷ ಕಂಡವಳನ್ನು ಚಿಕಿತ್ಸೆ ಮುಗಿಯುವವರೆಗೆ ಕೈಬಿಡದ ವ್ಯವಸ್ಥೆ ಬೇಕು.

‘ಪರೀಕ್ಷೆಗೆ ಹೋದರೆ ಗರ್ಭಕೋಶ ತೆಗೆಸುತ್ತಾರೆ’ ಎಂಬ ಹೆದರಿಕೆಯೂ ಸುಮ್ಮನೆ ಹುಟ್ಟಿದ್ದಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಿಳಿಸೆರಗು, ಹೊಟ್ಟೆನೋವು ಎಂದು ಬಂದ ಲಂಬಾಣಿ ಹೆಂಗಸರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣ 2015ರಲ್ಲಿ ರಾಜ್ಯಕ್ಕೇ ಗೊತ್ತಾಯಿತು. ಅದಕ್ಕೇ ಸರ್ಕಾರಿ ವ್ಯವಸ್ಥೆಯಲ್ಲೇ ಸರಿಯಾದ ಪರೀಕ್ಷೆ ಸಿಗಬೇಕು ಎನ್ನುವುದು. ಕ್ಯಾನ್ಸರಿಗೆ ಮುಂಚಿನ ಹಂತದಲ್ಲಿ ಹೆಚ್ಚಿನವರಿಗೆ ಕೆಟ್ಟ ಭಾಗವನ್ನಷ್ಟೇ ಸುಟ್ಟು ಅಥವಾ ಹೆಪ್ಪುಗಟ್ಟಿಸಿ ತೆಗೆಯುವ ಸಣ್ಣ ಚಿಕಿತ್ಸೆ ಸಾಕು. ಗರ್ಭಕೋಶ ಉಳಿಯುತ್ತದೆ, ಹೆಂಗಸು ಅದೇ ದಿನ ಮನೆಗೆ ಬರುತ್ತಾಳೆ.

ಇನ್ನು ಹೆಣ್ಣುಮಕ್ಕಳ ಲಸಿಕೆ. ಎಚ್‌ಪಿವಿಯ ಹಲವು ಬಗೆಗಳಲ್ಲಿ 16 ಮತ್ತು 18 ಎಂಬ ಎರಡೇ ಬಗೆ ಸುಮಾರು 70 ಶೇಕಡಾ ಗರ್ಭಕಂಠದ ಕ್ಯಾನ್ಸರಿಗೆ ಕಾರಣ. ಲಸಿಕೆ ಈ ಎರಡನ್ನೂ ತಡೆಯುತ್ತದೆ. ಸಂಪರ್ಕಕ್ಕೆ ಮೊದಲೇ, 9ರಿಂದ 14 ವರ್ಷದೊಳಗೆ ಕೊಟ್ಟರೆ ಹೆಚ್ಚು ಫಲ. ಆ ವಯಸ್ಸಿಗೆ ಒಂದು ಡೋಸ್ ಕೂಡ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸ್ಕಾಟ್ಲೆಂಡಿನಲ್ಲಿ 12–13ನೇ ವಯಸ್ಸಿನಲ್ಲಿ ಲಸಿಕೆ ಪೂರ್ತಿ ಪಡೆದ ಹುಡುಗಿಯರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಕಂಡಿಲ್ಲ ಎಂದು 2024ರ ವರದಿ ಹೇಳಿತು. ನಮ್ಮದೇ ಸಿಕ್ಕಿಂ 2018ರಲ್ಲೇ ಶಾಲೆಗಳಲ್ಲಿ ಉಚಿತವಾಗಿ ಕೊಟ್ಟಿತು. 2023ರಲ್ಲಿ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಮಾರುಕಟ್ಟೆಗೆ ಬಂದಾಗ ಖಾಸಗಿಯಲ್ಲಿ ಡೋಸಿಗೆ 2,000 ರೂಪಾಯಿ ಇತ್ತು. ಇಬ್ಬರು ಹೆಣ್ಣುಮಕ್ಕಳಿರುವ ಕೂಲಿ ಮನೆಗೆ ಅದು ಆಗುಹೋಗುವ ಮಾತಲ್ಲ. ಈ ಲಸಿಕೆ ಬಡವರ ಮಕ್ಕಳಿಗೆ ಸಿಗಬೇಕಾದರೆ ಶಾಲೆಯಲ್ಲಿ ಉಚಿತವಾಗಿಯೇ ಸಿಗಬೇಕು.

ಹಾಗೆಂದು ತಂದೆ ತಾಯಿಯನ್ನು ಕೇಳದೆ ಚುಚ್ಚುವುದೂ ತಪ್ಪು. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಪ್ರಾಯೋಗಿಕವಾಗಿ ಲಸಿಕೆ ಕೊಟ್ಟಾಗ ಹಲವು ಹಾಸ್ಟೆಲ್ ಮಕ್ಕಳ ಒಪ್ಪಿಗೆ ಪತ್ರಕ್ಕೆ ವಾರ್ಡನ್‌ಗಳೇ ಸಹಿ ಹಾಕಿದ್ದರು. ಏಳು ಹುಡುಗಿಯರ ಸಾವಿನ ನಂತರ 2010ರಲ್ಲಿ ಅದು ನಿಂತಿತು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು, ಒಪ್ಪಿಗೆ ಪಡೆದ ರೀತಿಯಲ್ಲಿ ದೋಷ ಇತ್ತೆಂದೂ ಹೇಳಿತು. ಆ ಅವಸರದಿಂದ ಹುಟ್ಟಿದ ಅನುಮಾನ ಇವತ್ತಿಗೂ ವಾಟ್ಸ್ಯಾಪ್‌ನಲ್ಲಿ ‘ಮಕ್ಕಳಾಗದ ಹಾಗೆ ಮಾಡುವ ಲಸಿಕೆ’ ಎಂದು ಸುತ್ತುತ್ತಿದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಪೋಷಕರನ್ನು ಶಾಲೆಗೆ ಕರೆದು, ತುಳು, ಅರೆಭಾಷೆ, ಬ್ಯಾರಿ, ತಮಿಳು ಹೀಗೆ ಅವರವರ ಮನೆಮಾತಿನಲ್ಲಿ ವಿವರಿಸಿದರೆ ಆ ಸಂದೇಶದ ಶಕ್ತಿ ತಾನಾಗಿ ಕುಗ್ಗುತ್ತದೆ. ಲಸಿಕೆ ಪಡೆದವರೂ ಮೂವತ್ತು ದಾಟಿದ ಮೇಲೆ ಪರೀಕ್ಷೆ ಮಾಡಿಸಬೇಕು ಎಂಬುದನ್ನೂ ಆಗಲೇ ಹೇಳಬೇಕು.

30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಎಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಲ್ಲೇ ಇದೆ. ನಾವು ಹೊಸದೇನನ್ನೂ ಕೇಳುತ್ತಿಲ್ಲ. ಅರಂತೋಡು ಪ್ರಾಥಮಿಕ ಆರೋಗ್ಯ ಕೇಂದ್ರ ಇರಲಿ, ನಿಮ್ಮೂರಿನ ಕೇಂದ್ರ ಇರಲಿ, ತಿಂಗಳಲ್ಲಿ ಒಂದು ನಿಗದಿತ ದಿನ, ಹೆಂಗಸರೇ ಮಾಡುವ ಪರೀಕ್ಷೆ, ಪರದೆಯಲ್ಲ ಬಾಗಿಲು ಹಾಕುವ ಕೋಣೆ. ಮಾದರಿಯನ್ನು ಹೆಂಗಸರೇ ತೆಗೆದುಕೊಡಬಹುದಾದ ಎಚ್‌ಪಿವಿ ಪರೀಕ್ಷೆ ಈಗ ಇದೆ, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ನಾಚಿಕೆಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ವರದಿ ಅವಳ ಕೈಗೇ ಸಿಗಬೇಕು, ಊರಿನ ಬಾಯಿಗಲ್ಲ. ಸಣ್ಣ ಊರಲ್ಲಿ ಆಶಾ ಕಾರ್ಯಕರ್ತೆಯೂ ನೆಂಟರೇ ಆಗಿರುತ್ತಾರೆ, ಆದ್ದರಿಂದ ಗುಟ್ಟು ಕಾಯುವ ನಿಯಮ ಇಲ್ಲಿ ಪೇಟೆಗಿಂತ ಗಟ್ಟಿಯಾಗಿರಬೇಕು.

‘ಸಿಬ್ಬಂದಿ ಇಲ್ಲ’ ಎಂಬ ಉತ್ತರ ಬಂದೇ ಬರುತ್ತದೆ. ಆಶಾ, ನರ್ಸ್‌ಗಳ ಮೇಲೆ ಹೊರೆ ಇರುವುದು ನಿಜ. ಹಾಗಾದರೆ ಸಿಬ್ಬಂದಿ ಕೊಡಿ ಎಂದು ಕೇಳಬೇಕೇ ಹೊರತು, ಪರೀಕ್ಷೆ ಬೇಡ ಎಂದು ಸುಮ್ಮನಾಗಬಾರದು.

ಗ್ರಾಮಸಭೆಯಲ್ಲಿ ಇಲಾಖೆಯವರು ಒಬ್ಬೊಬ್ಬರಾಗಿ ಬಂದು ಮಾಹಿತಿ ಕೊಡುತ್ತಾರಲ್ಲ, ಆರೋಗ್ಯ ಇಲಾಖೆಯ ಸರದಿ ಬಂದಾಗ ಎದ್ದು ಮೂರು ಪ್ರಶ್ನೆ ಕೇಳಿ. ನಮ್ಮ ಗ್ರಾಮದಲ್ಲಿ ಮೂವತ್ತು ದಾಟಿದ ಹೆಂಗಸರು ಎಷ್ಟು? ಕಳೆದ ವರ್ಷ ಎಷ್ಟು ಮಂದಿಗೆ ಈ ಪರೀಕ್ಷೆ ಆಗಿದೆ? ದೋಷ ಕಂಡವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಮುಗಿದಿದೆ? ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿ. ಹೆಂಗಸರು ಕೇಳಲು ಹಿಂಜರಿದರೆ ಗಂಡಸರೇ ಕೇಳಿ. ರಸ್ತೆಗೆ, ದಾರಿದೀಪಕ್ಕೆ ಏರುವ ನಮ್ಮ ದನಿ ಮನೆಯ ಹೆಂಗಸಿನ ಜೀವಕ್ಕೂ ಒಮ್ಮೆ ಏರಲಿ.