ಯಾವ ಆ್ಯಪ್ ಛಲೋ ಅಂತ ಕೇಳೋ ಮೊದಲ

ಹೋದ ಶುಕ್ರವಾರ ನಮ್ಮನಿಗೆ ಅರಿಷಿಣ-ಕುಂಕುಮಕ್ಕ ಬಂದಾಗ ಬಾಜೂಮನಿ ವೈನಿ ಒಂದು ಮಾತು ಕೇಳಿದ್ರು. "ನೀವು ಫಂಡು, ಶೇರು ಎಲ್ಲಾ ಮೊಬೈಲ್‌ನಾಗ ನೋಡ್ತೀರಂತಲ್ರೀ. ಯಾವ ಆ್ಯಪ್ ಛಲೋ ಅದ ಹೇಳ್ರಿ, ನಾನೂ ಹಾಕ್ಕೋತೀನಿ." ಅಲ್ಲೆ ಕೂತವರು ನಾಲ್ಕು ಮಂದಿ, ನಾಲ್ಕು ಹೆಸರು ಬಂದ್ವು. ಒಬ್ಬರ ಮಗ ಬೆಂಗಳೂರಿನಿಂದ ಬಂದಾಗ ಒಂದು ಹಾಕಿಕೊಟ್ಟಾನ, ಇನ್ನೊಬ್ಬರ ಅಳಿಯ ಪುಣೆದಾಗ ಕೂತು ಮತ್ತೊಂದು ಕಳಿಸ್ಯಾನ. ಯಾವ ಆ್ಯಪ್ ಛಲೋ ಅನ್ನೋ ಮಾತು ಕಡೀಕ ಯಾರ ಮಗ ಶಾಣ್ಯಾ ಅನ್ನೋ ತನಕಾ ಹೋತು. ನಾನು ಕೋಸಂಬರಿ ಹಂಚೋ ಗಡಿಬಿಡಿಯೊಳಗ ಏನೂ ಹೇಳಲಿಲ್ಲ. ಎರಡು ಮಾತಿನಾಗ ಮುಗಿಯೋದೂ ಅಲ್ಲ, ಅದಕ್ಕ ಇಲ್ಲೆ ಬರೀಲಿಕತ್ತೀನಿ.

ಮೊದಲ ಹೇಳಿಬಿಡ್ತೀನಿ, ನಾನು ಪಿಯುಸಿ ತನಕಾ ಓದಿದಾಕಿ, ಅದೂ ಆರ್ಟ್ಸ್. ಇಂಥಾ ಫಂಡ್ ತಗೋರಿ, ಇಂಥಾ ಶೇರು ಮಾರ್ರಿ ಅಂತ ಹೇಳೋದು ನನ್ನ ಕೆಲಸ ಅಲ್ಲ. ಅದಕ್ಕ ಸೆಬಿಯೊಳಗ ನೋಂದಣಿ ಮಾಡಿಸಿದವರು ಇದ್ದಾರ. ಆದ್ರ ಮನಿ ಲೆಕ್ಕಾ ಬರೆದಿಡೋದು ಮದುವಿ ಆದಾಗಿಂದ ನನ್ನ ಕೈಯಾಗ ಅದ, ಆ ಹಕ್ಕಿನ ಮ್ಯಾಲ ಮಾತಾಡ್ತೀನಿ.

ಇವುಗಳಾಗ ಎರಡು ಜಾತಿ ಅವ. ಒಂದು, ಏನು ತಗೋಬೇಕು ಅಂತ ಹುಡುಕಲಿಕ್ಕೆ ಇರೋವು. ವ್ಯಾಲ್ಯೂ ರಿಸರ್ಚ್‌ನಾಗ ಫಂಡಿಗೆ ಒಂದರಿಂದ ಐದು ಸ್ಟಾರ್ ಕೊಡ್ತಾರ. ಸ್ಕ್ರೀನರ್‌ನಾಗ ಒಂದು ಕಂಪನಿದು ಹತ್ತು ವರ್ಷದ ಲಾಭ, ಸಾಲ ಎಲ್ಲಾ ಒಂದ ಪುಟದಾಗ ಕಾಣ್ತದ. ಮನಿಕಂಟ್ರೋಲ್‌ನಾಗ ಸುದ್ದೀನ ಸುದ್ದಿ. ಎರಡನೇದ್ದು, ನಮ್ಮ ಕಡೆ ಏನದ, ಎಷ್ಟದ, ಎಲ್ಲೆ ಅದ ಅಂತ ಲೆಕ್ಕಾ ತೋರಸೋವು. ಎರಡೂ ಕೆಲಸ ಮಾಡೋವೂ ಅವ, ಆದ್ರ ಕೆಲಸ ಬ್ಯಾರೆ ಬ್ಯಾರೆ ಅನ್ನೋದು ನೆನಪಿರಲಿ.

ಸಂತಿಗೆ ಹೋಗೋ ಮುಂಚೆ ನಾವೆಲ್ಲಾ ಏನು ಮಾಡ್ತೀವಿ? ಡಬ್ಬಿ ಮುಚ್ಚಳಾ ತಗದು ನೋಡ್ತೀವಿ. ತೊಗರಿಬ್ಯಾಳಿ ಎರಡು ಕಿಲೋ ಅದ, ಬೆಲ್ಲದ ಡಬ್ಬಿ ತಳಾ ಕಂಡದ. ನೋಡದ ಹೋದ್ರ ಇದ್ದ ಬ್ಯಾಳೀನ ಮತ್ತ ತಂದು ಬೆಲ್ಲ ಮರತು ಬರ್ತೀವಿ. ರೊಕ್ಕದ ವಿಷಯದಾಗ ಮಾತ್ರ ಡಬ್ಬಿ ಮುಟ್ಟದ ಸೀದಾ ಸಂತಿಗೆ ಓಡ್ತೀವಿ, ಐದು ಸ್ಟಾರಿನ ಫಂಡ್ ಯಾವುದು ಅಂತ. ನನ್ನ ಅಭಿಪ್ರಾಯ ಇಷ್ಟ: ನಮ್ಮಂಥಾ ಮನಿಗೆ ಲೆಕ್ಕದ ಸಾಧನ ಮೊದಲ ಬೇಕು, ಹುಡುಕೋದು ಆಮ್ಯಾಲ.

ಇದು ನನ್ನ ತಲಿಯೊಳಗ ಗಟ್ಟಿ ಕೂತದ್ದು ನಮ್ಮ ದೊಡ್ಡಮ್ಮನ ಮಗಳ ಮನಿಯಾಗ. ಅಕ್ಕನ ಯಜಮಾನರು ಎರಡು ವರ್ಷದ ಹಿಂದ ಒಮ್ಮಿಂದೊಮ್ಮೆಲೇ ಹೋದ್ರು. ಭಾವ ಭಾಳ ಓದ್ಕೊಂಡಿದ್ದರು, ಮೊಬೈಲ್‌ನಾಗ ಮೂರು ಆ್ಯಪ್ ಇದ್ವು, ಯಾವ ಕಂಪನಿ ಹ್ಯಾಂಗದ ಅಂತ ಕೇಳಿದ್ರ ಹತ್ತು ನಿಮಿಷ ಹೇಳೋರು. ಅವರು ಹೋದ ಮ್ಯಾಲ ಆ ಮೊಬೈಲ್ ತಗೀಲಿಕ್ಕೆ ಬೇಕಾಗಿದ್ದು ಅವರ ಬೆರಳು, ಇಲ್ಲಾ ಅವರಿಗೊಬ್ಬರಿಗೇ ಗೊತ್ತಿದ್ದ ಪಿನ್. ರಿಚಾರ್ಜ್ ಮಾಡೋದು ಯಾರಿಗೂ ಹೊಳೀಲಿಲ್ಲ, ಕೆಲವು ತಿಂಗಳಿಗೆ ಸಿಮ್ಮೂ ಬಂದ್ ಆತು. (ಮೊಬೈಲ್ ತಗದಿದ್ರೂ ಹೋದವರ ಅಕೌಂಟಿನೊಳಗ ಹೊಕ್ಕು ಮಾರೋದು ಸರಿಯಲ್ಲ, ಮರಣ ಪತ್ರ ಕೊಟ್ಟು ಹೆಸರು ಬದಲಿ ಮಾಡಿಸಬೇಕು. ಆದ್ರ ಎಲ್ಲೆ ಕೊಡಬೇಕು ಅಂತಾದ್ರೂ ತಿಳೀಬೇಕಲ್ಲ?) ಅಕ್ಕ ಕೇಳಿದ್ದು ಇವತ್ತಿಗೂ ನನ್ನ ಕಿವಿಯೊಳಗ ಅದ. "ಅವರು ಎಲ್ಲೆ ಇಟ್ಟಾರ ಅನ್ನೋದ ಗೊತ್ತಿಲ್ಲ, ನಾ ಯಾರನ್ನ ಹೋಗಿ ಕೇಳಲಿ?"

ಕಡೀಕ ದಾರಿ ತೋರಿಸಿದ್ದು ಟ್ರೆಜರಿಯೊಳಗ ಲಗ್ನಪತ್ರಿಕಿ ಕೆಳಗ ಸಿಕ್ಕ ಒಂದು ಲಕೋಟಿ. ಡಿಪಾಸಿಟರಿಯಿಂದ ಟಪಾಲಿನಾಗ ಬಂದ ಸ್ಟೇಟ್‌ಮೆಂಟು. ಯಾವ ಬ್ರೋಕರ್, ಯಾವ ಶೇರು ಎಷ್ಟು, ಯಾವ ಫಂಡಿನ ಫೋಲಿಯೋ ನಂಬರ್ ಏನು, ಎಲ್ಲಾ ಅದರಾಗ ಇತ್ತು. ನಾಮಿನಿ ಅಂತ ಇದ್ದದ್ದು ಭಾವನ ತಾಯಿ ಹೆಸರು, ಅವರು ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಅದಕ್ಕ ಅಕ್ಕ ಹನ್ನೊಂದು ತಿಂಗಳು ವಾರಸಾ ಕಾಗದಕ್ಕ ಓಡಾಡಿದಳು. ಮೂರು ಆ್ಯಪ್ ಮಾಡಲಾರದ ಕೆಲಸ ನಾಲ್ಕು ಹಾಳಿ ಮಾಡಿದ್ವು.

ಆ ನಾಲ್ಕು ಹಾಳಿಗೆ ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್ ಅಂತಾರ, ಮಂದಿ ಸಿಎಎಸ್ ಅಂತ ಕರೀತಾರ. ಡಿಮ್ಯಾಟ್ ಇದ್ದವರಿಗೆ ಎನ್‌ಎಸ್‌ಡಿಎಲ್ ಇಲ್ಲಾ ಸಿಡಿಎಸ್‌ಎಲ್ ಕಳಸ್ತದ. ಖರೀದಿ, ಮಾರಾಟ ಆದ ತಿಂಗಳು ಬರ್ತದ, ಏನೂ ಆಗದಿದ್ರ ಆರು ತಿಂಗಳಿಗೊಮ್ಮೆ. ಈಗ ಈಮೇಲ್‌ಗೇ ಬರೋದು ಹೆಚ್ಚು, ತಗೀಲಿಕ್ಕೆ ಪಾಸ್‌ವರ್ಡ್ ನಮ್ಮ ಪ್ಯಾನ್ ನಂಬರ್, ಅಕ್ಷರ ಎಲ್ಲಾ ದೊಡ್ಡವು. ಬರೇ ಮ್ಯೂಚುವಲ್ ಫಂಡ್ ಇದ್ದವರು ಕ್ಯಾಮ್ಸ್, ಕೆಫಿನ್‌ಟೆಕ್ ವೆಬ್‌ಸೈಟಿನಾಗ ಪ್ಯಾನ್ ಮತ್ತ ಈಮೇಲ್ ಕೊಟ್ಟು ತರಿಸಿಕೋಬಹುದು. ಆ ಇಬ್ಬರೇ ಕೂಡಿ 2021ರಾಗ ಎಂಎಫ್ ಸೆಂಟ್ರಲ್ ಅಂತ ಮಾಡ್ಯಾರ, ಅಲ್ಲೆ ನಾಮಿನಿ, ಮೊಬೈಲ್ ನಂಬರ್ ಬದಲಿ ಮಾಡೋ ಸವಲತ್ತೂ ಅದ. ಇದಕ್ಕೆಲ್ಲಾ ಒಂದು ಪೈಸೆ ಖರ್ಚಿಲ್ಲ. ಹಂಗಾಗಿ "ಯಾವ ಆ್ಯಪ್" ಅಂತ ಯಾರರ ಕೇಳಿದ್ರ, ಮೊದಲ ಈ ಸ್ಟೇಟ್‌ಮೆಂಟ್ ತರಿಸ್ರಿ ಅಂತೀನಿ. ಗಂಡಂದು ಬ್ಯಾರೆ, ನಮ್ಮದು ಬ್ಯಾರೆ ಬರ್ತದ, ಪ್ಯಾನ್ ಪ್ರಕಾರ. ಎರಡೂ ತರಸ್ರಿ.

ನಮ್ಮ ಮನಿದು ಬಂದಾಗ ನಾನೂ ನಮ್ಮವರೂ ಊಟದ ಟೇಬಲ್ ಮ್ಯಾಲ ಹರವಿಕೊಂಡು ಕೂತ್ವಿ. ಮೂರು ಫಂಡ್ ಅವ ಅಂತ ನಮ್ಮ ಲೆಕ್ಕಾ, ಇದ್ದದ್ದು ಏಳು! ಒಂದನ್ನ ಎರಡು ಕಡೆ ತಗೊಂಡಿದ್ವಿ. ಮಗಳು ಹಾಕಿಸಿದ್ದರ ಹೆಸರಿನ ಕಡೀಕ ಡೈರೆಕ್ಟ್ ಅಂತಿತ್ತು, ಬ್ಯಾಂಕಿನಾಗ ಒಬ್ಬ ಹುಡುಗ ನಕ್ಕೋತ ಸಹಿ ಮಾಡಿಸಿಕೊಂಡಿದ್ದು ರೆಗ್ಯುಲರ್. 2013ರ ಜನವರಿಯಿಂದ ಎಲ್ಲಾ ಫಂಡಿಗೂ ಡೈರೆಕ್ಟ್ ಪ್ಲ್ಯಾನ್ ಅದ, ಅದರಾಗ ನಡುವಿನವರ ಕಮಿಷನ್ ಇರೂದಿಲ್ಲ. ನಮ್ಮ ಫಂಡಿನಾಗ ಎರಡರ ಖರ್ಚಿನ ಅಂತರ ಹತ್ರ ಹತ್ರ ಒಂದು ಪರ್ಸೆಂಟ್. ಆ ರೆಗ್ಯುಲರ್‌ನಾಗ ನಮ್ಮದು ನಾಲ್ಕು ಲಕ್ಷ ಇತ್ತು. ಅಂದ್ರ ವರ್ಷಕ್ಕ ನಾಲ್ಕು ಸಾವಿರ, ಆ ನಗೀಗೆ. ಭಾಜಿಯವನ ಹತ್ರ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಶಿ ಮಾಡ್ತೀನಲ್ಲ ನಾನು!

ಸಿಟ್ಟಿನಾಗ ಮರುದಿನಾನ ಬದಲಿ ಮಾಡಲಿಕ್ಕೆ ಹೊಂಟಿದ್ದೆ, ಮಗಳು ತಡದಳು. ಬದಲಿ ಮಾಡಿದ್ರ ಅದು ಮಾರಿದ ಲೆಕ್ಕ. ಶೇರು ಫಂಡ್ ಆದ್ರ, ವರ್ಷದ ಮ್ಯಾಲ ಇಟ್ಟಿದ್ದಕ್ಕ ಒಂದು ಹಣಕಾಸು ವರ್ಷದಾಗ ಲಾಭ ಒಂದೂಕಾಲು ಲಕ್ಷ ದಾಟಿದ್ರ ದಾಟಿದ್ದಕ್ಕ 12.5 ಪರ್ಸೆಂಟ್ ತೆರಿಗಿ. 2024ರ ಜುಲೈದಾಗ ಹಂಗ ಮಾಡ್ಯಾರ. ಅದಕ್ಕ ಎರಡು ವರ್ಷದಾಗ ಹಂಚಿ ಬದಲಿ ಮಾಡಿದ್ವಿ.

ಈಗ ಹುಡುಕೋ ಸಾಧನದ ಮಾತು. ಡಬ್ಬಿ ನೋಡಿದ ಮ್ಯಾಲ ನನ್ನ ಕೈಯಾಗ ಪ್ರಶ್ನಿ ಇದ್ವು. ಏಳು ಫಂಡ್ ಯಾಕ ಬೇಕು? ಒಳಗ ಏನೇನದ? ಒಂದೊಂದರದೂ ತಗದು ನೋಡಿದ್ರ ನಾಲ್ಕರಾಗ ಮೊದಲನೇ ಸಾಲಿನಾಗ ಅದ ಎರಡು ದೊಡ್ಡ ಖಾಸಗಿ ಬ್ಯಾಂಕು. ನಾಲ್ಕು ಬಣ್ಣದ ಸೀರಿ ಅಂತ ತಂದು ಮನಿಗೆ ಬಂದು ನೋಡಿದ್ರ ನಾಲ್ಕೂ ಕೆಂಪು ಇದ್ದಂಗ. ಸ್ಟಾರ್ ನೋಡಿದ್ರ ಇದು ತಿಳೀತಿರಲಿಲ್ಲ. ಸ್ಟಾರ್ ಅಂದ್ರ ಆ ಗುಂಪಿನ ಬಾಕಿ ಫಂಡಿನ ಜೋಡಿ ಹೋಲಿಸಿ, ಹಿಂದಿನ ಗಳಿಕಿ ಮತ್ತ ಏರಿಳಿತ ನೋಡಿ ಕೊಡೋದು. ಹೋದ ವರ್ಷದ ಮಾರ್ಕ್ಸ್ ಕಾರ್ಡ್ ಇದ್ದಂಗ, ಉಪಯೋಗ ಅದ, ಆದ್ರ ಮುಂದಿನ ಪರೀಕ್ಷಾ ಅದರಾಗ ಬರದಿರೂದಿಲ್ಲ. ಸ್ಕ್ರೀನರ್ ನಾನು ತಗಿಯೋದು ನಮ್ಮ ಮಾವನವರು ಬಿಟ್ಟು ಹೋದ ಮೂರು ಕಂಪನಿ ಶೇರಿಗೆ ಅಷ್ಟ, ವರ್ಷಕ್ಕ ಎರಡು ಸಲ. ಸಾಲ ಏರಲಿಕ್ಕತ್ತದೇನು, ಲಾಭ ಐದು ವರ್ಷದಿಂದ ಕುಂತಲ್ಲೇ ಕುಂತದೇನು, ಇಷ್ಟು ನೋಡಲಿಕ್ಕೆ ಬಿ.ಕಾಂ. ಬೇಕಾಗಿಲ್ಲ. ಸುದ್ದಿ ಆ್ಯಪ್ ಮಾತ್ರ ತಗದ ಹಾಕೀನಿ. ಟಿಂಗ್ ಅಂದಾಗೊಮ್ಮೆ ಎದಿ ಧಸಕ್ ಅಂತಿತ್ತು, ಒಲಿ ಮ್ಯಾಲಿನ ಒಗ್ಗರಣಿ ಹೊತ್ತತಿತ್ತು.

ನಮ್ಮ ತಮ್ಮನ ಮಗ ಇದನ್ನ ಒಪ್ಪೂದಿಲ್ಲ. "ಅತ್ಯಾ, ಕೆಟ್ಟ ಫಂಡ್ ಇಟ್ಕೊಂಡು ಬರೇ ಲೆಕ್ಕಾ ನೋಡೋದು ಅಂದ್ರ ಹಾಲು ಉಕ್ಕೋದನ್ನ ನೋಡ್ಕೋತ ನಿಂತಂಗ, ಒಲಿ ಆರಸಬೇಕಲ್ಲ" ಅಂತಾನ. ಮಾತು ಖರೇ ಅದ. ದಿನಾ ಹೊಸ ಶೇರು ತಗೊಂಡು ಮಾರೋ ಹುಡುಗರಿಗೆ ಹುಡುಕೋ ಸಾಧನಾನ ಮೊದಲ ಇರಬಹುದು. ನಾ ಹೇಳಲಿಕ್ಕತ್ತಿದ್ದು ಪೆನ್ಷನ್, ಎಫ್‌ಡಿ, ಒಂದಿಷ್ಟು ಫಂಡು ಇರೋ ನಮ್ಮ ವಯಸ್ಸಿನ ಮನಿಗಳಿಗೆ. ಹಾಲು ಯಾವ ಒಲಿ ಮ್ಯಾಲ ಅದ ಅನ್ನೋದ ಗೊತ್ತಿಲ್ಲದವರು ಆರಸೋದು ಏನು?

ಸ್ಟೇಟ್‌ಮೆಂಟ್ ಆರು ತಿಂಗಳು ನೋಡಿ ರೂಢಿ ಆದ ಮ್ಯಾಲ ಆ್ಯಪ್ ಬೇಕು ಅನ್ನಿಸಿದ್ರ ಹಾಕ್ಕೋರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದು ಒಳಗ ಹ್ಯಾಂಗ ಬರ್ತದ ಅನ್ನೋದು ನೋಡ್ರಿ. ಸ್ಟೇಟ್‌ಮೆಂಟ್ ಪಿಡಿಎಫ್ ಕೊಡ್ರಿ ಅಂತ ಕೇಳಿದ್ರ ನಡೀತದ. ರಿಸರ್ವ್ ಬ್ಯಾಂಕಿನ ಪರವಾನಗಿ ಇರೋ ಅಕೌಂಟ್ ಅಗ್ರಿಗೇಟರ್ ಮೂಲಕ ಕೇಳಿದ್ರ ಏನೇನು ತೋರಸ್ಲಿಕ್ಕೆ ಒಪ್ಪಿಗಿ ಕೊಡ್ತೀವಿ, ಎಷ್ಟು ದಿನಕ್ಕ ಅಂತ ಬರೆದಿರ್ತದ, ಒಪ್ಪಿಗಿ ವಾಪಸ್ ತಗೋಲಿಕ್ಕೂ ಬರ್ತದ. ನಿಮ್ಮ ಈಮೇಲ್ ಪೂರಾ ಓದಲಿಕ್ಕೆ ಬಿಡ್ರಿ ಅಂದ್ರ ನಾ ಒಲ್ಲೆ. ಬ್ಯಾಂಕಿನ ಪಾಸ್‌ವರ್ಡ್ ಕೇಳಿದ್ರಂತೂ ಬಾಗಲಾ ಹಾಕ್ರಿ. ನಾ ಮೊದಲ ಹಾಕ್ಕೊಂಡಿದ್ದ ಒಂದು ಆ್ಯಪ್ ಈಮೇಲ್ ಓದಿ ವಾರದೊಳಗ ನನಗ ಸಾಲ ಬೇಕೇನು ಅಂತ ಕೇಳಲಿಕ್ಕೆ ಹತ್ತಿತು. ಲೆಕ್ಕಾ ಬರೀಲಿಕ್ಕೆ ಕರದ ಗುಮಾಸ್ತ ಬಾಗಲಾದಾಗ ನಿಂತು ಸೀರಿ ಮಾರಿದಂಗ.

ಇನ್ನ ಲಾಭದ ಅಂಕಿ. ನಮ್ಮವರು ಒಂದಿನ "ನೂರು ಪರ್ಸೆಂಟ್ ಲಾಭ!" ಅಂತ ಹಸಿರು ಅಕ್ಷರ ತೋರಿಸಿದ್ರು. ಒಂದು ಲಕ್ಷ ಎರಡು ಲಕ್ಷ ಆಗಿತ್ತು, ಖರೇ. ಹಾಕಿದ್ದು ಹತ್ತು ವರ್ಷದ ಹಿಂದ. ವರ್ಷದ ಲೆಕ್ಕಕ್ಕ ಅದು 7.2 ಪರ್ಸೆಂಟ್. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ದಾಗ 7.1 ಆತು, ಅದಕ್ಕಿಂತ ಮೊದಲ ಇನ್ನೂ ಹೆಚ್ಚಿತ್ತು, ಅದೂ ತೆರಿಗಿ ಇಲ್ಲದ್ದು. ನಮ್ಮವರು ಕನ್ನಡಕಾ ತಗದು ಒರಸ್ಕೊಂಡ್ರು. ಅದಕ್ಕ ಎಕ್ಸ್‌ಐಆರ್‌ಆರ್ ಅಂತ ಬರೆದ ಅಂಕಿ ಎಲ್ಲೆ ಅದ ಹುಡುಕ್ರಿ. ಯಾವ ತಾರೀಖಿಗೆ ಎಷ್ಟು ಹಾಕಿದ್ವಿ ಅನ್ನೋದು ಹಿಡದು ವರ್ಷದ ಗಳಿಕಿ ಹೇಳ್ತದ. ಅದನ್ನ ತೋರಸದ ಬರೇ ಹಸಿರು-ಕೆಂಪು ತೋರಸೋದು ನಮ್ಮ ಮನಿಗೆ ಬ್ಯಾಡ.

ಎಫ್‌ಡಿ, ಪೋಸ್ಟ್ ಆಫೀಸು, ಎಲ್‌ಐಸಿ ಬಾಂಡು, ಅಡವಿಟ್ಟ ಬಳಿ, ನಾದಿನಿಗೆ ಕೈಗಡ ಕೊಟ್ಟಿದ್ದು, ಇವು ಆ ಸ್ಟೇಟ್‌ಮೆಂಟಿನಾಗ ಸಿಗೂದಿಲ್ಲ. ಅದಕ್ಕ ಇನ್ನೂರು ಪುಟದ ನೋಟ್‌ಬುಕ್ ಇಟ್ಟೀನಿ, ಮಗಳು ನಗ್ತಾಳ. ಪ್ರತಿ ಯುಗಾದಿಗೆ ಮತ್ತ ದೀಪಾವಳಿಗೆ ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಸಿ ಅದರಾಗ ಅಂಟಸ್ತೀನಿ, ನಾಮಿನಿ ಹೆಸರಿನ ಕೆಳಗ ಗೆರಿ ಎಳೀತೀನಿ. ಅಲ್ಲೆ ಪಾಸ್‌ವರ್ಡ್ ಬರೆಯೂದಿಲ್ಲ. ಎಲ್ಲೆ ಏನದ ಅನ್ನೋದು ಅಷ್ಟ. ನೋಟ್‌ಬುಕ್ ಎಲ್ಲೆ ಅದ ಅಂತ ಇಬ್ಬರು ಮಕ್ಕಳಿಗೂ ತೋರಿಸೀನಿ.

ಅಕ್ಕನೂ ಈಗ ಒಂದು ನೋಟ್‌ಬುಕ್ ಮಾಡ್ಯಾಳ. ಭಾವನ ಹಳೇ ಕಾಗದಪತ್ರದಾಗ ಇನ್ನೊಂದು ಕಂಪನಿದು ಸಿಕ್ಕದ. ಏಳು ವರ್ಷ ಡಿವಿಡೆಂಡ್ ತಗೊಳ್ಳದ ಬಿಟ್ರ ಶೇರೂ ಸರಕಾರದ ಐಇಪಿಎಫ್ ನಿಧಿಗೆ ಹೋಗ್ತಾವ, ಅರ್ಜಿ ಕೊಟ್ಟು ವಾಪಸ್ ಕೇಳಬೇಕು. ಆ ಓಡಾಟ ಇನ್ನೂ ನಡದದ.

ವೈನಿ, ಬರೋ ಮಂಗಳವಾರ ಮಧ್ಯಾಹ್ನ ಊಟ ಆದ ಮ್ಯಾಲ ಬರ್ರಿ. ನಿಮ್ಮ ಪ್ಯಾನ್ ಕಾರ್ಡು, ಅಣ್ಣಾರದೂ ತರ್ರಿ, ಆದ್ರ ಅಣ್ಣಾರನ್ನ ಕರಕೊಂಡೇ ಬರ್ರಿ. ಅವರ ಈಮೇಲ್‌ಗೆ ಬರೋ ಸ್ಟೇಟ್‌ಮೆಂಟ್ ಅವರ ಎದುರಿಗೇ ತಗಿಯೋಣ. ಚಹಾ ನಾ ಮಾಡಿರ್ತೀನಿ.