ಭಂಡಾರದ ಒಡೆತನ

ಆಲೆಟ್ಟಿಯನ್ನೊಳಗೊಂಡ ಸುಳ್ಯ ಸೀಮೆಯಲ್ಲಿ, ಒಟ್ಟು ತುಳುನಾಡಿನಲ್ಲಿಯೇ, ದೈವದ ‘ಭಂಡಾರ’ವೆಂದರೆ ಹಣದ ಪೆಟ್ಟಿಗೆಯಲ್ಲ. ಮೊಗ, ಕಡ್ತಲೆ, ಗಂಟೆ, ಚಾಮರ, ಉಯ್ಯಾಲೆಮಂಚ ಮೊದಲಾದವುಗಳ ಸಮೂಹಕ್ಕೆ ಆ ಹೆಸರು. ನೇಮದ ದಿನ ಅದು ಮೆರವಣಿಗೆಯಲ್ಲಿ ಬರುವುದು. ನೇಮ ಮುಗಿದೊಡನೆ ಮರಳಿ ಒಳಸೇರುವುದು. ಕಾಲಕ್ರಮದಲ್ಲಿ ಇಂಥ ವಸ್ತು ಹಳತಾದಾಗ ಅದು ಯಾರದು ಎಂಬ ಪ್ರಶ್ನೆ ಏಳುತ್ತದೆ.

ಉಡುಪಿ ಜಿಲ್ಲೆಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಾಲಯದ ಉದಾಹರಣೆಯನ್ನು ನೋಡಬಹುದು. ಅಲ್ಲಿನ ಹಳೆಯ ಮರದ ಭೂತವಿಗ್ರಹಗಳು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಗುಡಿಯಲ್ಲಿ ನೂತನ ವಿಗ್ರಹಗಳಿಗೆ ಪೂಜೆ ಸಲ್ಲುತ್ತಿದೆ. ಇದನ್ನು ಲೂಟಿಯೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಭಕ್ತನಿಗೆ ಸಾನ್ನಿಧ್ಯ ಮುಖ್ಯ. ಅದು ಹೊಸ ಮರಕ್ಕೆ ಸಂದಮೇಲೆ ಹಳೆಯದು ಬರಿಯ ಮರ. ಕಲಾರಸಿಕನಿಗಾದರೋ ಆ ಹಳೆಯ ಮರವೇ ಸರ್ವಸ್ವ. 1972ರ ಪುರಾತನ ವಸ್ತುಗಳ ಕಾಯಿದೆಯು ನೂರು ವರ್ಷ ಮೀರಿದ ಇಂಥ ಕೃತಿಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಆದರೆ ವಸ್ತುವಿನ ವಯಸ್ಸನ್ನೆಣಿಸುವ ಕಾನೂನು ಅದನ್ನು ಧರಿಸಿ ಕುಣಿದವನನ್ನು ಕೇಳುವುದಿಲ್ಲ.

ಮೂರನೆಯ ದಾರಿಯೂ ಒಂದುಂಟು. 1712ರಲ್ಲಿ ಇಂಗ್ಲೆಂಡಿನ ಆನ್ ರಾಣಿ ಅಮೆರಿಕದ ಮೂಲನಿವಾಸಿಗಳಾದ ಮೊಹಾಕ್ ಜನರ ಚರ್ಚಿಗೆ ಬೆಳ್ಳಿಯ ಪೂಜಾಪಾತ್ರೆಗಳನ್ನು ಕಳುಹಿಸಿದಳು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ನೆಲೆ ಕಳೆದುಕೊಂಡ ಆ ಜನ ಅವನ್ನು ಮಣ್ಣಿನಲ್ಲಿ ಹೂತಿಟ್ಟು, ಬಳಿಕ ಅಗೆದು ತೆಗೆದು, ಕೆನಡಾದ ತಮ್ಮ ಎರಡು ನೆಲೆಗಳಿಗೆ ಹಂಚಿಕೊಂಡರು. ರಾಜನ ದಾನವು ಜನರ ಸ್ವತ್ತಾದುದು ಹೀಗೆ: ಕೊಟ್ಟವರಿಂದಲ್ಲ, ಕಾಪಾಡಿದವರಿಂದ.

ನಮ್ಮಲ್ಲಿ ಕಾಪಾಡಿದವರಾರು? ಭಂಡಾರವನ್ನಿಟ್ಟುಕೊಂಡ ಗುತ್ತಿನ ಮನೆಯೂ ಹೌದು. ತಲೆಮಾರುಗಳಿಂದ ಮೊಗ ಧರಿಸಿದ ನಲಿಕೆ, ಪರವ, ಪಂಬದ ಸಮುದಾಯಗಳೂ ಹೌದು. 2022ರಲ್ಲಿ ರಾಜ್ಯ ಸರ್ಕಾರವು ಅರುವತ್ತು ಮೀರಿದ ದೈವನರ್ತಕರಿಗೆ ಮಾಸಾಶನವನ್ನು ಘೋಷಿಸಿತು. ನರ್ತಕನ ಮುಪ್ಪಿಗೆ ದೊರೆತ ಈ ಮನ್ನಣೆ ಅವನ ಮಾತಿಗೂ ದೊರೆಯಬೇಡವೆ? ಪ್ರತಿಯೊಂದು ಸ್ಥಾನವೂ ತನ್ನ ಭಂಡಾರದ ಪಟ್ಟಿಯೊಂದನ್ನು ಚಿತ್ರಸಹಿತ ಬರೆದಿಡಲಿ. ಹಳತನ್ನು ತೆಗೆಯುವ ನಿರ್ಧಾರವು ಊರ ಸಭೆಯಲ್ಲಿ, ನರ್ತಕರ ಸಮಕ್ಷಮದಲ್ಲಿ ಆಗಲಿ. ಇದಕ್ಕೆ ಹೊಸ ಕಾಯಿದೆಯಾಗಲಿ ದೊಡ್ಡ ಹಣವಾಗಲಿ ಬೇಕಿಲ್ಲ. ವಸ್ತುಸಂಗ್ರಹಾಲಯಕ್ಕೆ ಕೊಡುವುದಾದರೂ ಒಪ್ಪಿ ಕೊಟ್ಟಂತಾಗಬೇಕು, ಕೈತಪ್ಪಿ ಹೋದಂತಲ್ಲ.